ಎರಡು ಇಂಚು ಐದು ಸೆಂಟ್: ಹೊಸಬರ ಮೊದಲ ಪ್ಯಾಚ್ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ?

ಕೊಡಗಿನ ತೋಟದ ಮನೆಗಳಲ್ಲಿ ಮಳೆ ಲೆಕ್ಕ ಇಡುವುದು ಒಂಥರಾ ಚಟ. ಬೆಳಿಗ್ಗೆ ಎದ್ದ ಕೂಡಲೇ ಅಂಗಳದ ಮಳೆ ಮಾಪಕ ನೋಡಬೇಕು. ಡೈರಿಯಲ್ಲಿ ಬರೆಯಬೇಕು. ಆಮೇಲೆ ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮ್ಮಲ್ಲಿ ಎಷ್ಟಾಯ್ತು?" ಅಂತ ಕೇಳಬೇಕು. ಲೆಕ್ಕ ಮಿಲಿಮೀಟರಿನಲ್ಲಲ್ಲ, ಇಂಚು ಮತ್ತು ಸೆಂಟಿನಲ್ಲಿ. ಒಂದು ಇಂಚಿಗೆ 100 ಸೆಂಟ್. ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಬೇಕಾದ ಹೂಮಳೆ ಬೀಳುವಾಗ ಒಂದೊಂದು ಸೆಂಟಿಗೂ ಬೆಲೆ. ಜುಲೈನಲ್ಲಿ ಇಂಚುಗಳೇ ಸಾಕಪ್ಪಾ ಸಾಕು ಅನ್ನಿಸುತ್ತವೆ.

ಈ ಡೈರಿ ಲೆಕ್ಕವನ್ನು ಕಂಪ್ಯೂಟರಿಗೆ ಹಾಕಲು ಕೆಲವು ವರ್ಷಗಳ ಹಿಂದೆ ನಾನೊಂದು ಪುಟ್ಟ ಪ್ರೋಗ್ರಾಂ ಬರೆದೆ. ದಿನದ ಮಳೆ ಹಾಕಿದರೆ ತಿಂಗಳ ಮೊತ್ತ, ವರ್ಷದ ಮೊತ್ತ, ಹೋದ ವರ್ಷದ ಜೊತೆ ಹೋಲಿಕೆ ಎಲ್ಲ ಬರುತ್ತದೆ. ಮೂಲ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಲಿ ಅಂತ ಓಪನ್ ಸೋರ್ಸ್ ಆಗಿ ಇಟ್ಟೆ. ಸುತ್ತಮುತ್ತಲಿನ ಕೆಲವು ತೋಟದವರು ಬಳಸುತ್ತಾರೆ. ತಿದ್ದಿದವರು ಮಾತ್ರ ಒಬ್ಬರೂ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಪಕ್ಕದ ತೋಟದ ಹುಡುಗಿ ಬಂದಳು. ಬಿಸಿಎ ಕೊನೆಯ ವರ್ಷ. "ಅಣ್ಣ, ನಿಮ್ಮ ಪ್ರೋಗ್ರಾಂ ನಮ್ಮನೆ ಮಳೆ ಜಾಸ್ತಿ ತೋರಿಸ್ತಾ ಇದೆ" ಅಂದಳು. ನಾನು ನಂಬಲಿಲ್ಲ. ಅವಳು ಅಜ್ಜನ ಡೈರಿಯನ್ನೇ ತಂದು ಮುಂದಿಟ್ಟಳು. ಅಜ್ಜ ಎರಡು ಇಂಚು ಐದು ಸೆಂಟನ್ನು '2.5' ಅಂತ ಬರೆಯುತ್ತಾರೆ. ಅವರ ಲೆಕ್ಕದಲ್ಲಿ ಚುಕ್ಕಿಯ ಈಚೆ ಇಂಚು, ಆಚೆ ಸೆಂಟ್. ನನ್ನ ಪ್ರೋಗ್ರಾಂ ಅದನ್ನು ಎರಡೂವರೆ ಇಂಚು ಅಂತ ಓದುತ್ತಿತ್ತು. ಅಂದರೆ 45 ಸೆಂಟ್, 11 ಮಿಲಿಮೀಟರಿಗೂ ಜಾಸ್ತಿ, ಬೀಳದೇ ಇದ್ದ ಮಳೆ!

ಈ ತಪ್ಪು ನನಗೆ ಯಾವತ್ತೂ ಕಾಣುತ್ತಿರಲಿಲ್ಲ. ಯಾಕಂದರೆ ನಮ್ಮ ಮನೆಯಲ್ಲಿ '2.05' ಅಂತಲೇ ಬರೆಯುವ ರೂಢಿ. "ನೀನೇ ಸರಿಮಾಡಿ ಪ್ಯಾಚ್ ಕಳಿಸಮ್ಮ" ಅಂದೆ. ನಾನು ಪ್ರೋಗ್ರಾಂ ಬರೆದ ಪೈಥಾನ್ ಭಾಷೆ ಅವಳಿಗೆ ಬರುತ್ತಿತ್ತು. ಸರಿಮಾಡಲು ಅರ್ಧ ಗಂಟೆ ಹಿಡಿಯಿತಂತೆ. ಆ ಪ್ಯಾಚ್ ನನ್ನ ಪ್ರೋಗ್ರಾಂಗೆ ಸೇರಲು ಹಿಡಿದದ್ದು ಹನ್ನೊಂದು ದಿನ.

ಅರ್ಧ ಗಂಟೆ ಬಿಟ್ಟು ಉಳಿದ ಹನ್ನೊಂದು ದಿನ ಎಲ್ಲಿ ಹೋಯಿತು? ದೊಡ್ಡ ದೊಡ್ಡ ಓಪನ್ ಸೋರ್ಸ್ ಯೋಜನೆಗಳಲ್ಲೂ ಹೊಸಬರ ದಿನಗಳು ಹೆಚ್ಚುಕಡಿಮೆ ಅಲ್ಲಲ್ಲೇ ಹೋಗುತ್ತವೆ. ಅದಕ್ಕೇ ಈ ಲೆಕ್ಕ.

ಪ್ಯಾಚ್ ಅಂದರೆ ತೇಪೆಯೇ

ಅಂಗಿ ಮೊಣಕೈ ಹತ್ತಿರ ಹರಿದರೆ ಹರಿದ ಜಾಗಕ್ಕಷ್ಟೇ ತುಂಡು ಬಟ್ಟೆ ಹಾಕಿ ಹೊಲಿಯುತ್ತೇವೆ. ಸಾಫ್ಟ್‌ವೇರಿನ ಪ್ಯಾಚ್ ಕೂಡ ಅದೇ ತೇಪೆ. ಸಾವಿರ ಸಾಲಿನ ಫೈಲಿನಲ್ಲಿ ಮೂರು ಸಾಲು ಬದಲಾಯಿಸಿದರೆ ಆ ಮೂರು ಸಾಲು ಕಳಿಸಿದರೆ ಸಾಕು. ತೆಗೆದ ಸಾಲಿನ ಮುಂದೆ ಮೈನಸ್, ಸೇರಿಸಿದ ಸಾಲಿನ ಮುಂದೆ ಪ್ಲಸ್. ಅವಳ ಪ್ಯಾಚಿನ ತಿರುಳು ಇಷ್ಟೇ ಇತ್ತು:

− ಮಳೆ ಎಷ್ಟು?
+ ಎಷ್ಟು ಇಂಚು?
+ ಎಷ್ಟು ಸೆಂಟ್?

ಒಂದು ಖಾನೆಯ ಜಾಗದಲ್ಲಿ ಎರಡು ಖಾನೆ. ಚುಕ್ಕಿಯೂ ಇಲ್ಲ, ಗೊಂದಲವೂ ಇಲ್ಲ.

ಎರಡು ಫೈಲುಗಳ ವ್ಯತ್ಯಾಸ ಹುಡುಕಿಕೊಡುವ 'ಡಿಫ್' ಅನ್ನುವ ಪ್ರೋಗ್ರಾಂ 1974ರಲ್ಲೇ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಜೊತೆ ಬಂದಿತ್ತು. ಬೆಲ್ ಲ್ಯಾಬ್ಸ್‌ನ ಡಗ್ಲಸ್ ಮೆಕ್‌ಇಲ್ರಾಯ್ ಅದನ್ನು ಬರೆದವರಲ್ಲಿ ಮುಖ್ಯರು. ಆ ವ್ಯತ್ಯಾಸವನ್ನು ಇನ್ನೊಬ್ಬರ ಫೈಲಿಗೆ ಕೂರಿಸುವ 'ಪ್ಯಾಚ್' ಪ್ರೋಗ್ರಾಂ ಬರೆದದ್ದು ಲ್ಯಾರಿ ವಾಲ್, 1985ರಲ್ಲಿ. ಅದು ಬದಲಾದ ಸಾಲಿನ ಜೊತೆ ಹಿಂದುಮುಂದಿನ ಒಂದೆರಡು ಸಾಲುಗಳನ್ನೂ ನೋಡಿಕೊಳ್ಳುತ್ತದೆ. ಹಾಗಾಗಿ ಆ ಜಾಗ ಫೈಲಿನಲ್ಲಿ ಹತ್ತು ಸಾಲು ಕೆಳಗೆ ಸರಿದಿದ್ದರೂ ಹುಡುಕಿಕೊಂಡು ಹೋಗಿ ತೇಪೆ ಹಾಕುತ್ತದೆ. ಆಗ ಇಡೀ ಪ್ರೋಗ್ರಾಂ ಕಳಿಸುವುದು ದುಬಾರಿ, ತೇಪೆ ಕಳಿಸುವುದು ಅಗ್ಗ. ಗುರುತು ಪರಿಚಯ ಇಲ್ಲದವರು ದೂರದಿಂದಲೇ ಒಟ್ಟಿಗೆ ಕೆಲಸ ಮಾಡಲು ಶುರುಮಾಡಿದ್ದೇ ಈ ಅನುಕೂಲದಿಂದ.

ಈಗ ದಾರಿಗಳು ಎರಡು. ಹಳೆಯದು ಇಮೇಲ್. ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳು, ಇವತ್ತಿಗೂ ಪ್ಯಾಚುಗಳನ್ನು ಇಮೇಲಿನಲ್ಲೇ ತೆಗೆದುಕೊಳ್ಳುತ್ತದೆ. ಹೊಸದು ಪುಲ್ ರಿಕ್ವೆಸ್ಟ್. ಲಿನಕ್ಸ್ ಶುರುಮಾಡಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೋಡಿನ ಒಂದೊಂದು ಬದಲಾವಣೆಯ ಲೆಕ್ಕವನ್ನೂ ಇಡುವ ಗಿಟ್ ಬರೆದರು. ಅದರ ಮೇಲೆ 2008ರಲ್ಲಿ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್ ಬಂತು. ನೀವು ಯೋಜನೆಯ ಒಂದು ಪ್ರತಿ ಮಾಡಿಕೊಂಡು, ಅದರಲ್ಲಿ ತಿದ್ದಿ, "ನನ್ನ ಬದಲಾವಣೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ" ಅಂತ ಕೇಳುವುದೇ ಪುಲ್ ರಿಕ್ವೆಸ್ಟ್. ಎರಡೂ ಕಡೆ ಕೊನೆಯ ಮಾತು ಮೇಂಟೇನರ್‌ದು, ಅಂದರೆ ಆ ಯೋಜನೆಯನ್ನು ನೋಡಿಕೊಳ್ಳುವವರದು.

ಮೊದಲ ಮೂರು ದಿನ: ನೆಟ್ಟು, ಕರೆಂಟು

ಬೆಂಗಳೂರಿನವರಿಗೆ ಇದು ತಲೆಗೇ ಹೋಗುವುದಿಲ್ಲ. ಕೋಡಿನ ಪ್ರತಿ ಇಳಿಸಿಕೊಳ್ಳುವುದೂ ಒಂದು ಕೆಲಸವಾ ಅಂತ ಕೇಳುತ್ತಾರೆ. ಜುಲೈನಲ್ಲಿ ಒಂದು ವಾರ ನಮ್ಮ ಕಡೆ ಬಂದು ಇರಿ. ಗಾಳಿಗೆ ಮರ ಬಿದ್ದು ಲೈನು ಹೋಗಿರುತ್ತದೆ. ಟವರಿನ ಬ್ಯಾಟರಿ ಖಾಲಿಯಾಗಿರುತ್ತದೆ. ನೆಟ್ ಬಂದರೂ ಹತ್ತು ನಿಮಿಷ ಇರುತ್ತದೆ, ಹೋಗುತ್ತದೆ.

ಕೋಡಿನ ಪ್ರತಿ ಇಳಿಸಿಕೊಳ್ಳುವ 'ಗಿಟ್ ಕ್ಲೋನ್' ಆಜ್ಞೆಗೆ ಒಂದು ಕೆಟ್ಟ ಗುಣ ಇದೆ. ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ. ನೂರಕ್ಕೆ 90 ಪಾಲು ಇಳಿದಿದ್ದರೂ ಮತ್ತೆ ಸೊನ್ನೆಯಿಂದ ಶುರು. ನನ್ನ ಪ್ರೋಗ್ರಾಂ ಪುಟ್ಟದು. ಆದರೆ ಬುದ್ಧಿವಂತಿಕೆ ತೋರಿಸಲು ಹೋಗಿ ಮಳೆ ಮಾಪಕದ ದೊಡ್ಡ ದೊಡ್ಡ ಫೋಟೋಗಳನ್ನೆಲ್ಲ ಅದೇ ಜಾಗದಲ್ಲಿ ತುಂಬಿದ್ದೆ. ಆಮೇಲೆ ಅಳಿಸಿದ್ದೆ, ನಿಜ. ಆದರೆ ಗಿಟ್ ಹಳೆಯದನ್ನು ಮರೆಯುವುದಿಲ್ಲ. ಅಳಿಸಿದ ಫೋಟೋ ಕೂಡ ಇತಿಹಾಸದಲ್ಲಿ ಉಳಿದಿರುತ್ತದೆ, ಕ್ಲೋನ್ ಮಾಡುವವರ ತಲೆಗೆ ಕಟ್ಟಿಕೊಳ್ಳುತ್ತದೆ. ಪಾಪ, ಅವಳು ಮೂರು ದಿನ ಪ್ರಯತ್ನಪಟ್ಟಿದ್ದಳು.

ಇದಕ್ಕೆ ಪರಿಹಾರ ಇದೆ. ಕ್ಲೋನ್ ಮಾಡುವಾಗ 'ಡೆಪ್ತ್ 1' ಅಂತ ಹೇಳಿದರೆ ಇತಿಹಾಸ ಬಿಟ್ಟು ಈಗಿನ ಪ್ರತಿ ಮಾತ್ರ ಬರುತ್ತದೆ. ಲಿನಕ್ಸ್ ಕರ್ನಲ್‌ನ ಇಡೀ ಇತಿಹಾಸ ಕೆಲವು ಗಿಗಾಬೈಟ್‌ಗಳಷ್ಟಿದೆ. ನೆಟ್ ಸರಿ ಇಲ್ಲದವರಿಗೆ ಅಂತಲೇ ಕರ್ನಲ್‌ನವರು ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ 'ಬಂಡಲ್' ಮಾಡಿ ಇಟ್ಟಿದ್ದಾರೆ. ಸಾಮಾನ್ಯ ಫೈಲಾದ್ದರಿಂದ ನಿಂತಲ್ಲಿಂದ ಮುಂದುವರಿಸಬಹುದು. ನಿಮ್ಮ ಯೋಜನೆಯ ಮೊದಲ ಪುಟದಲ್ಲಿ ಈ ಒಂದೆರಡು ಸಾಲು ಬರೆದಿಟ್ಟರೆ ಯಾರಿಗೋ ಮೂರು ದಿನ ಉಳಿಯುತ್ತದೆ. ನಾನು ಬರೆದಿರಲಿಲ್ಲ.

ಆಮೇಲೆ ಮೂರು ದಿನ: "ನನ್ನ ಕಂಪ್ಯೂಟರಿನಲ್ಲಿ ಓಡ್ತಿದೆಯಲ್ಲ?"

ಕೋಡ್ ಇಳಿಯಿತು. ಓಡಲಿಲ್ಲ. ನಾನು ಬರೆದಿದ್ದ ಸೂಚನೆಯಲ್ಲಿ ನಾಲ್ಕು ಹೆಜ್ಜೆ ಇತ್ತು. ನಿಜಕ್ಕೂ ಬೇಕಾಗಿದ್ದದ್ದು ಏಳು. ಉಳಿದ ಮೂರು ನನ್ನ ಕಂಪ್ಯೂಟರಿನಲ್ಲಿ ಎಂದೋ ಆಗಿಹೋಗಿದ್ದವು, ನನಗೇ ಮರೆತುಹೋಗಿತ್ತು. ಅವಳದು ವಿಂಡೋಸ್, ನನ್ನದು ಲಿನಕ್ಸ್. ಫೈಲಿನ ದಾರಿ ಬರೆಯುವಾಗ ಓರೆಗೆರೆ ಯಾವ ಕಡೆ ವಾಲಬೇಕು ಅನ್ನುವುದೇ ಬೇರೆ.

ಹೊಸಬರು ಜಾಸ್ತಿ ಕೈಬಿಡುವುದು ಇಲ್ಲೇ ಅನ್ನುವುದು ನನ್ನ ಅನಿಸಿಕೆ. ಕೋಡ್ ಕಷ್ಟ ಅಂತಲ್ಲ. ಕೋಡಿನ ಬಾಗಿಲಿಗೇ ತಲುಪಲು ಆಗುವುದಿಲ್ಲ. ಇನ್ನೂ ಕೆಟ್ಟದ್ದು ಏನಂದರೆ ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. 'ನನಗೆ ಬರಲ್ಲ' ಅಂತ ಸುಮ್ನೆ ಮುಚ್ಚಿಟ್ಟು ಹೋಗುತ್ತಾರೆ. ಮೇಂಟೇನರಿಗೆ ಅವರು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಗದ್ದೆ ದಾರಿಯ ಗೇಟಿಗೆ ಬೀಗ ಹಾಕಿ, ಯಾಕೆ ಯಾರೂ ಮನೆಗೆ ಬರ್ತಿಲ್ಲ ಅಂತ ಕೇಳಿದ ಹಾಗೆ.

ಇದನ್ನು ಸರಿಮಾಡುವ ಕ್ರಮ ಒಂದೇ: ಏನೂ ಇಲ್ಲದ ಹೊಸ ಕಂಪ್ಯೂಟರಿನಲ್ಲಿ ನೀವೇ ನಿಮ್ಮ ಸೂಚನೆಯನ್ನು ಅಕ್ಷರ ಅಕ್ಷರ ಪಾಲಿಸಿ ನೋಡುವುದು. ಹೊಸ ಕಂಪ್ಯೂಟರ್ ಎಲ್ಲಿಂದ ತರೋಣ ಅಂತೀರಾ? ಕಂಟೇನರ್ ಅನ್ನುವ ತಂತ್ರ ಇದೆ. ಬೇಕಾದ ಎಲ್ಲ ಸಾಮಾನುಗಳೊಂದಿಗೆ ಒಂದು ಖಾಲಿ ವ್ಯವಸ್ಥೆಯನ್ನು ಡಬ್ಬಿಯಲ್ಲಿ ಕಟ್ಟಿದ ಹಾಗೆ. ಅದರೊಳಗೆ ಓಡಿದರೆ ಬೇರೆಯವರ ಕಂಪ್ಯೂಟರಿನಲ್ಲೂ ಓಡುವ ಸಾಧ್ಯತೆ ಜಾಸ್ತಿ. ಕೆಲವು ಯೋಜನೆಗಳು ಏನೂ ಇಳಿಸಿಕೊಳ್ಳದೆ ಬ್ರೌಸರಿನಲ್ಲೇ ತಿದ್ದಿ, ಓಡಿಸಿ ನೋಡುವ ವ್ಯವಸ್ಥೆಯನ್ನೂ ಮಾಡಿವೆ. ಬರೀ ಅಕ್ಷರ ತಪ್ಪು ತಿದ್ದುವುದಾದರೆ ಗಿಟ್‌ಹಬ್‌ನಲ್ಲಿ ಪೆನ್ಸಿಲ್ ಗುರುತು ಒತ್ತಿದರೆ ಮುಗಿಯಿತು.

ಮಧ್ಯೆ ಮೂರು ದಿನ: ಮುಗಿದಿತ್ತು, ಕಳಿಸಿರಲಿಲ್ಲ

ಏಳನೇ ದಿನಕ್ಕೇ ಪ್ಯಾಚ್ ತಯಾರಾಗಿತ್ತು. ಕಳಿಸಿದ್ದು ಒಂಬತ್ತು ದಿನ ದಾಟಿದ ಮೇಲೆ. ಯಾಕೆ ಅಂತ ಕೇಳಿದೆ. "ಸರಿ ಇದೆಯೋ ಇಲ್ವೋ ಅಂತ ಹೆದರಿಕೆ ಆಯ್ತಣ್ಣ. ಎಲ್ಲರಿಗೂ ಕಾಣುತ್ತಲ್ಲ" ಅಂದಳು. ನಾನು ಪಕ್ಕದ ಮನೆಯವನು. ನನ್ನ ಹತ್ತಿರವೇ ಹೀಗಾದರೆ, ಹೆಲ್ಸಿಂಕಿಯಲ್ಲೋ ಬರ್ಲಿನ್ನಿನಲ್ಲೋ ಕೂತ ಗುರುತಿಲ್ಲದವರಿಗೆ ಇಂಗ್ಲಿಷಿನಲ್ಲಿ ಬರೆದು ಕಳಿಸಬೇಕಾದರೆ ಹೇಗಿರಬೇಡ?

ಆ ಹೆದರಿಕೆ ಸುಳ್ಳೂ ಅಲ್ಲ. ಕರ್ನಲ್‌ಗೆ ಪ್ಯಾಚ್ ಕಳಿಸುವ ನಿಯಮಗಳನ್ನು ನೋಡಿ. ಇಮೇಲ್ ಬರೀ ಅಕ್ಷರದಲ್ಲಿರಬೇಕು, ಬಣ್ಣ ಅಲಂಕಾರ ಇರಬಾರದು. ಪ್ಯಾಚನ್ನು ಲಗತ್ತಾಗಿ ಕಳಿಸದೆ ಇಮೇಲಿನ ಒಳಗೇ ಹಾಕಬೇಕು. ಸಾಲಿನ ಮುಂದಿನ ಖಾಲಿ ಜಾಗಕ್ಕೆ ಟ್ಯಾಬ್ ಒತ್ತಬೇಕು, ಸ್ಪೇಸ್ ಅಲ್ಲ. ಯಾರಿಗೆ ಕಳಿಸಬೇಕು ಅಂತ ಹುಡುಕಲು ಒಂದು ಸ್ಕ್ರಿಪ್ಟ್, ಬರೆದದ್ದು ಕ್ರಮವಾಗಿದೆಯಾ ಅಂತ ನೋಡಲು ಇನ್ನೊಂದು. ಕೊನೆಯಲ್ಲಿ 'ಸೈನ್ಡ್ ಆಫ್ ಬೈ' ಅಂತ ಹೆಸರು ಹಾಕಬೇಕು. ಈ ಸಹಿಗೆ ಅರ್ಥ ಇದೆ: 'ಈ ಕೋಡನ್ನು ಕೊಡುವ ಹಕ್ಕು ನನಗಿದೆ, ಎಲ್ಲಿಂದಲೋ ಕದ್ದು ತಂದಿಲ್ಲ' ಅಂತ. ಲಿನಕ್ಸ್‌ನ ಕೋಡ್ ಯಾರದು ಅನ್ನುವ ಮೊಕದ್ದಮೆ 2003ರಲ್ಲಿ ಶುರುವಾದ ಮೇಲೆ, 2004ರಲ್ಲಿ ಈ ಪದ್ಧತಿ ತಂದರು. ಪ್ರತಿ ನಿಯಮಕ್ಕೂ ಹೀಗೊಂದು ಕಾರಣ ಇದೆ. ಆದರೆ ಬಾಗಿಲಲ್ಲಿ ನಿಂತವರಿಗೆ ಕಾರಣ ಕಾಣುವುದಿಲ್ಲ, ನಿಯಮ ಮಾತ್ರ ಕಾಣುತ್ತದೆ.

ಇಷ್ಟಿದ್ದೂ ಕರ್ನಲ್‌ಗೆ ಹೊಸಬರು ಬರುತ್ತಾರೆ ಅನ್ನುವುದೇ ಆಶ್ಚರ್ಯ. ಒಂಬತ್ತು ಹತ್ತು ವಾರಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಒಂದೊಂದರಲ್ಲೂ ಸುಮಾರು 2000 ಜನರ ಕೆಲಸ ಇರುತ್ತದೆ, ಅದರಲ್ಲಿ 200ಕ್ಕೂ ಹೆಚ್ಚು ಮಂದಿ ಮೊದಲ ಸಲ ಕಳಿಸಿದವರು. ಅವರಲ್ಲಿ ಎಷ್ಟೋ ಜನರ ಹಿಂದೆ ಹೇಳಿಕೊಡಲು ಒಂದು ಕಂಪನಿ ಇರುತ್ತದೆ ಅನ್ನುವುದನ್ನೂ ಮರೆಯಬಾರದು.

ಗಿಟ್ ಯೋಜನೆಯವರು ಮಾಡಿದ್ದು ನನಗೆ ಬಹಳ ಇಷ್ಟ. ಗಿಟ್ ಕೂಡ ಪ್ಯಾಚನ್ನು ಇಮೇಲಿನಲ್ಲೇ ತೆಗೆದುಕೊಳ್ಳುತ್ತದೆ. ಹಳಬರಿಗೆ ಅದೇ ರೂಢಿ, ಬಿಡಲು ಮನಸ್ಸಿಲ್ಲ. ಹೊಸಬರಿಗೆ ಪುಲ್ ರಿಕ್ವೆಸ್ಟ್ ಅಭ್ಯಾಸ. ಇಬ್ಬರಲ್ಲಿ ಯಾರನ್ನೂ ಬದಲಾಯಿಸಲು ಹೋಗದೆ 'ಗಿಟ್‌ಗಿಟ್‌ಗ್ಯಾಜೆಟ್' ಅನ್ನುವ ಒಂದು ಸೇತುವೆ ಕಟ್ಟಿದರು. ನೀವು ಪುಲ್ ರಿಕ್ವೆಸ್ಟ್ ಹಾಕಿದರೆ ಅದೇ ಸರಿಯಾದ ಇಮೇಲ್ ಮಾಡಿ ಕಳಿಸುತ್ತದೆ. ಹಳಬರು ಇಮೇಲಿನಲ್ಲಿ ಉತ್ತರ ಬರೆದರೆ ಅದು ನಿಮ್ಮ ಪುಲ್ ರಿಕ್ವೆಸ್ಟಿನ ಕೆಳಗೆ ಬಂದು ಕೂರುತ್ತದೆ.

ಟ್ಯಾಬು, ಸ್ಪೇಸು, ಅಲ್ಪವಿರಾಮದ ತಕರಾರುಗಳನ್ನು ಯಂತ್ರಕ್ಕೆ ಬಿಟ್ಟುಬಿಡುವುದು ಇನ್ನೊಂದು ಒಳ್ಳೆಯ ಉಪಾಯ. ಮೊದಲ ಸಲ ಕಳಿಸಿದವರಿಗೆ ಮನುಷ್ಯರೊಬ್ಬರು "ಇಲ್ಲಿ ಒಂದು ಸ್ಪೇಸ್ ಜಾಸ್ತಿಯಾಗಿದೆ" ಅಂತ ಹತ್ತು ಕಡೆ ಬರೆದರೆ ಮುಖ ಸಣ್ಣದಾಗುತ್ತದೆ. ಅದನ್ನೇ ಯಂತ್ರ ಹೇಳಿದರೆ ಯಾರಿಗೂ ಬೇಜಾರಿಲ್ಲ. ಈಗ ಬಹಳಷ್ಟು ಯೋಜನೆಗಳಲ್ಲಿ ಪ್ಯಾಚ್ ಬಂದ ಕೂಡಲೇ ಪರೀಕ್ಷೆಗಳು ತಾವಾಗೇ ಓಡುತ್ತವೆ, ಸಾಲುಗಳನ್ನು ಸರಿಯಾಗಿ ಜೋಡಿಸುವ ಕೆಲಸವೂ ತಾನಾಗೇ ಆಗುತ್ತದೆ. ಮನುಷ್ಯರಿಗೆ ಉಳಿಯುವುದು ನಿಜವಾದ ಮಾತು: ಇದು ಬೇಕಾ, ಇದರಿಂದ ಬೇರೆ ಏನಾದರೂ ಕೆಡುತ್ತದಾ?

ಕೊನೆಯ ಎರಡು ದಿನ: ತಪ್ಪು ನನ್ನದೇ

ಅವಳು ಕಳಿಸಿದಳು. ನಾನು ನೋಡಿದ್ದು ಎರಡು ದಿನದ ಮೇಲೆ. ತೋಟದಲ್ಲಿ ಚರಂಡಿ ಕಟ್ಟಿಕೊಂಡಿತ್ತು, ಅದರ ಗಡಿಬಿಡಿಯಲ್ಲಿದ್ದೆ. ಎರಡು ದಿನ ದೊಡ್ಡದಲ್ಲ ಅನ್ನಿಸಬಹುದು. ಆದರೆ ಕಾಯುವವರಿಗೆ ಅದು ಪರೀಕ್ಷೆ ಫಲಿತಾಂಶ ಇದ್ದ ಹಾಗೆ. ಎಷ್ಟೋ ವರ್ಷಗಳ ಹಿಂದೆ ನಾನು ಒಂದು ಯೋಜನೆಗೆ ಮೊದಲ ಪ್ಯಾಚ್ ಕಳಿಸಿ ಏಳು ತಿಂಗಳು ಕಾದಿದ್ದೆ. ಬೇಡ ಅಂತಲಾದರೂ ಹೇಳಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ. ಆದರೂ ಸರದಿ ನನಗೆ ಬಂದಾಗ ನಾನೂ ಅದನ್ನೇ ಮಾಡಿದೆ, ನೋಡಿ.

"ನೋಡಿದೆ, ಭಾನುವಾರ ಕೂತು ಓದುತ್ತೇನೆ" ಅಂತ ಒಂದು ಸಾಲು ಬರೆಯಲು ಅರ್ಧ ನಿಮಿಷ ಸಾಕು. ಹೊಸಬರನ್ನು ಉಳಿಸಿಕೊಳ್ಳಲು ಒಂದೇ ಒಂದು ಕೆಲಸ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ. ರಸ್ಟ್ ಭಾಷೆಯ ಯೋಜನೆಯಲ್ಲಿ ಪುಲ್ ರಿಕ್ವೆಸ್ಟ್ ಹಾಕಿದ ಕೂಡಲೇ 'ರಸ್ಟ್‌ಬಾಟ್' ಅನ್ನುವ ಯಂತ್ರ ಬಂದು ಸ್ವಾಗತ ಹೇಳಿ, ಇದನ್ನು ಯಾರು ನೋಡುತ್ತಾರೆ ಅಂತ ಒಬ್ಬರ ಹೆಸರು ಹಾಕುತ್ತದೆ. ಮಾತು ಯಂತ್ರದ್ದೇ. ಆದರೆ ನಿಮ್ಮ ಪ್ಯಾಚಿಗೆ ಈಗ ಒಬ್ಬರು ದಿಕ್ಕಿದ್ದಾರೆ ಅಂತ ಗೊತ್ತಾಗುತ್ತದೆ.

ಹಾಗಾದರೆ ಮೇಂಟೇನರುಗಳು ಯಾಕೆ ಇಷ್ಟು ಬಿಗಿ? ಅವರ ಕಡೆಯಿಂದಲೂ ನೋಡಬೇಕು. ಜಾಸ್ತಿ ಜನ ಸಂಬಳ ಇಲ್ಲದೆ, ರಾತ್ರಿ ಊಟ ಆದ ಮೇಲೆ ಕೂತು ಈ ಕೆಲಸ ಮಾಡುವವರು. ಪ್ಯಾಚ್ ಬರೆಯಲು ಹತ್ತು ನಿಮಿಷ ಸಾಕು, ಓದಿ ಸರಿ ಅಂತ ಹೇಳಲು ಒಂದು ಗಂಟೆ ಬೇಕು. ಒಮ್ಮೆ ಒಳಗೆ ಬಿಟ್ಟರೆ ಮುಂದೆ ಅದನ್ನು ಸಾಕುವವರು ಅವರೇ, ಕಳಿಸಿದವರಲ್ಲ. ಡಿಜಿಟಲ್‌ಓಷನ್ ಕಂಪನಿ 2014ರಿಂದ ಪ್ರತಿ ಅಕ್ಟೋಬರಿನಲ್ಲಿ 'ಹ್ಯಾಕ್ಟೋಬರ್‌ಫೆಸ್ಟ್' ನಡೆಸುತ್ತದೆ. ಇಷ್ಟು ಪುಲ್ ರಿಕ್ವೆಸ್ಟ್ ಹಾಕಿದರೆ ಒಂದು ಟೀ ಶರ್ಟ್ ಅಂತ ಇತ್ತು. 2020ರಲ್ಲಿ ಏನಾಯಿತು ಅಂದರೆ, ಶರ್ಟಿನ ಆಸೆಗೆ ಜನ ಎಲ್ಲೆಲ್ಲೋ ಹೋಗಿ 'ಅದ್ಭುತ ಯೋಜನೆ' ಅಂತ ಎರಡು ಪದ ಸೇರಿಸಿ ರಾಶಿ ರಾಶಿ ಪ್ಯಾಚ್ ಕಳಿಸಿದರು. ಮೇಂಟೇನರುಗಳು ಕಸ ಗುಡಿಸಿ ಗುಡಿಸಿ ಸುಸ್ತಾದರು. ಕೊನೆಗೆ ಒಪ್ಪಿಗೆ ಕೊಟ್ಟ ಯೋಜನೆಗಳಿಗೆ ಮಾತ್ರ ಅಂತ ನಿಯಮ ಬದಲಾಯಿತು. ಸುಲಭ ಮಾಡುವುದು ಅಂದರೆ ಸಂಖ್ಯೆ ಜಾಸ್ತಿ ಮಾಡುವುದು ಅಂತ ತಿಳಿದರೆ ಹೀಗಾಗುತ್ತದೆ. ಈಗ ಎಐ ಬಂದ ಮೇಲೆ ಈ ಕಸಕ್ಕೆ ಇನ್ನೊಂದು ರೂಪ ಬಂದಿದೆ. ನೆಟ್ಟಿನ ಮೂಲಕ ಡೇಟಾ ಸಾಗಿಸುವ ಕರ್ಲ್ ಯೋಜನೆಯ ಡೇನಿಯಲ್ ಸ್ಟೆನ್‌ಬರ್ಗ್ 2024ರ ಶುರುವಿನಲ್ಲೇ ಇದನ್ನು ಹೇಳಿದ್ದರು: ಎಐ ಬರೆದ ಸುಳ್ಳು ಭದ್ರತಾ ದೂರುಗಳು ನೋಡಲು ಚೆನ್ನಾಗಿರುತ್ತವೆ, ಹಾಗಾಗಿ ಸುಳ್ಳು ಅಂತ ಕಂಡುಹಿಡಿಯಲು ಇನ್ನೂ ಜಾಸ್ತಿ ಹೊತ್ತು ಹಾಳು.

ಇದಕ್ಕಿಂತ ದೊಡ್ಡ ಭಯವೂ ಇದೆ. ಫೈಲುಗಳನ್ನು ಕುಗ್ಗಿಸುವ 'ಎಕ್ಸ್‌ಝಡ್' ಅನ್ನುವ ಯೋಜನೆಯನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು, ದಣಿದಿದ್ದರು. ಸುಳ್ಳು ಹೆಸರಿನಲ್ಲಿ ಒಬ್ಬ 'ಸಹಾಯಕ' ಬಂದ. ಎರಡು ವರ್ಷಕ್ಕೂ ಮೇಲೆ ಒಳ್ಳೊಳ್ಳೆಯ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿದ. ಮೇಂಟೇನರೂ ಆದ. ಆಮೇಲೆ ಕಳ್ಳಬಾಗಿಲು ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆಯಲ್ಲ ಅಂತ ಬೆನ್ನುಹತ್ತಿ ಹೋಗಿ ಅದನ್ನು ಹಿಡಿದರು. ಹಾಗಾಗಿ ಬರುವ ದಾರಿ ಸುಲಭ ಮಾಡಬೇಕು, ಆದರೆ ಬಂದದ್ದನ್ನು ಓದುವುದರಲ್ಲಿ ಸಡಿಲ ಬಿಡಬಾರದು. ಎರಡೂ ಬೇರೆ ಬೇರೆ ವಿಷಯ. ಇದನ್ನು ಬೆರೆಸಿಕೊಂಡೇ ಎಷ್ಟೋ ವಾದಗಳು ನಡೆಯುತ್ತವೆ.

ಮೊದಲ ಗಿಡದ ಹತ್ತಿರ ನಿಲ್ಲುವ ಮೇಸ್ತ್ರಿ

ಕಾಫಿ ಕುಯ್ಲಿಗೆ ಹೊಸಬರು ಬಂದಾಗ ನಮ್ಮ ತೋಟದ ಮೇಸ್ತ್ರಿ ಭಾಷಣ ಮಾಡುವುದಿಲ್ಲ. ಮೊದಲ ಗಿಡದ ಹತ್ತಿರ ಹತ್ತು ನಿಮಿಷ ನಿಲ್ಲುತ್ತಾನೆ. ಹಣ್ಣಾದದ್ದು ಮಾತ್ರ ಕೊಯ್ಯಿ, ಹಸಿರು ಬಿಡು. ರೆಕ್ಕೆ (ಪಕ್ಕದ ಕೊಂಬೆ) ಎಳೆದು ಮುರಿಯಬೇಡ, ಬರುವ ವರ್ಷದ ಫಸಲು ಅದರಲ್ಲೇ ಇದೆ. ಅಷ್ಟು ಹೇಳಿ, ಎರಡು ಕೊಯ್ದು ತೋರಿಸಿ ಹೋಗುತ್ತಾನೆ. ಮೊದಲ ದಿನವೇ ಇಳಿಜಾರಿನ ತುದಿಯ ಸಾಲಿಗೆ ಕಳಿಸುವುದಿಲ್ಲ.

ಸಾಫ್ಟ್‌ವೇರಿನಲ್ಲಿ ಈ ಕೆಲಸಕ್ಕೆ 'ಗುಡ್ ಫಸ್ಟ್ ಇಶ್ಯೂ' ಅನ್ನುವ ಚೀಟಿ ಇದೆ. ಮೊದಲ ಸಲಕ್ಕೆ ತಕ್ಕ ಕೆಲಸ ಅಂತ ಅರ್ಥ. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಯೋಜನೆಯಲ್ಲಿ ಇದಕ್ಕೆ 'ಈಸಿ ಪಿಕಿಂಗ್ಸ್' ಅಂತಾರೆ, ಕುಯ್ಲಿನ ಮಾತೇ! ಕಾಗದಪತ್ರ, ಲೆಕ್ಕದ ಹಾಳೆ ಮಾಡುವ ಲಿಬ್ರೆಆಫೀಸ್‌ನವರು 'ಈಸಿ ಹ್ಯಾಕ್ಸ್' ಅಂತಾರೆ. ಲಿಬ್ರೆಆಫೀಸ್‌ನ ಬೇರು ಒಂದು ಜರ್ಮನ್ ಕಂಪನಿಯ ಕೋಡ್. ಅದರ ಒಳಗೆ ಸಾವಿರಾರು ಟಿಪ್ಪಣಿಗಳು ಜರ್ಮನ್ ಭಾಷೆಯಲ್ಲೇ ಇದ್ದವು. 2010ರಲ್ಲಿ ಯೋಜನೆ ಓಪನ್‌ಆಫೀಸ್‌ನಿಂದ ಬೇರೆಯಾದ ಮೇಲೆ ಅವನ್ನು ಇಂಗ್ಲಿಷಿಗೆ ತರುವುದನ್ನೇ ಹೊಸಬರ ಕೆಲಸ ಅಂತ ಇಟ್ಟರು. ಜರ್ಮನ್ ಗೊತ್ತಿದ್ದರೆ ಸಾಕು, ಆ ಕೋಡ್ ಅರ್ಥವಾಗದಿದ್ದರೂ ನಡೆಯುತ್ತದೆ. ಟಿಪ್ಪಣಿ ತಿದ್ದಿದರೆ ಪ್ರೋಗ್ರಾಂ ಕೆಡುವುದಿಲ್ಲ. ಆದರೆ ಇಳಿಸುವುದು, ಕಟ್ಟುವುದು, ಪ್ಯಾಚ್ ಮಾಡುವುದು, ಕಳಿಸುವುದು, ಎಲ್ಲ ಒಮ್ಮೆ ಕೈಗೆ ಬರುತ್ತದೆ. ಹೊಸಬರಿಗೆ ಕೆಲಸ ಆರಿಸುವುದು ಅಂದರೆ ಇದು.

ಚೀಟಿ ಅಂಟಿಸಿದರೆ ಮುಗಿಯಲಿಲ್ಲ. ಮೂರು ಸಾಲಿನ ತಪ್ಪು ನಾನೇ ಸರಿಮಾಡಿದರೆ ಐದು ನಿಮಿಷ. ಅದನ್ನೇ ಹೊಸಬರಿಗೆ ಬಿಡಬೇಕಾದರೆ ಯಾವ ಫೈಲು, ಈಗ ಏನಾಗುತ್ತದೆ, ಏನಾಗಬೇಕು, ಸರಿಯಾಯಿತು ಅಂತ ಗೊತ್ತಾಗುವುದು ಹೇಗೆ, ಇಷ್ಟೂ ಬರೆಯಬೇಕು. ಒಂದು ಗಂಟೆ ಬೇಕು. ಅದಕ್ಕೇ ಎಷ್ಟೋ ಮೇಂಟೇನರುಗಳು ತಾವೇ ಮಾಡಿ ಮುಗಿಸುತ್ತಾರೆ. ಆಮೇಲೆ ಹತ್ತು ವರ್ಷವೂ ತಾವೇ ಮಾಡುತ್ತಾ ಇರುತ್ತಾರೆ.

ಜೊತೆಗೆ ಕೂತು ಹೇಳಿಕೊಡುವ ಕಾರ್ಯಕ್ರಮಗಳೂ ಇವೆ. ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. ಔಟ್‌ರೀಚಿ ಅನ್ನುವುದು ಲಿನಕ್ಸ್‌ಗೆ ಡೆಸ್ಕ್‌ಟಾಪ್ ಮಾಡುವ ಗ್ನೋಮ್ ಯೋಜನೆಯಲ್ಲಿ ಹೆಣ್ಣುಮಕ್ಕಳಿಗಾಗಿ ಶುರುವಾಗಿ ಬೆಳೆದದ್ದು. ಎರಡರಲ್ಲೂ ಮೆಂಟರ್ ಇರುತ್ತಾರೆ, ಹಣವೂ ಸಿಗುತ್ತದೆ. ಔಟ್‌ರೀಚಿಯಲ್ಲಿ ಆಯ್ಕೆಗೆ ಮೊದಲೇ ಒಂದಾದರೂ ನಿಜವಾದ ಕೆಲಸ ಮಾಡಿ ತೋರಿಸಬೇಕು. ಕುಶಾಲನಗರ, ಪೊನ್ನಂಪೇಟೆಯ ಎಂಜಿನಿಯರಿಂಗ್ ಕಾಲೇಜಿನ ಮಕ್ಕಳು ಇದನ್ನು ಒಮ್ಮೆ ನೋಡಿಕೊಳ್ಳಲಿ.

ಕನ್ನಡ ಬಂದರೆ ಒಂದು ಬಾಗಿಲು ಆಗಲೇ ತೆರೆದಿದೆ

ಪ್ರೋಗ್ರಾಮಿಂಗ್ ಬರದವರಿಗೂ ದಾರಿ ಇದೆ, ಅನುವಾದ. ವೆಬ್‌ಲೇಟ್‌ನಂಥ ತಾಣಗಳಲ್ಲಿ ಬ್ರೌಸರಿನಲ್ಲೇ ಒಂದೊಂದು ಸಾಲು ಕನ್ನಡಕ್ಕೆ ತಂದರೆ, ಅದೇ ಪ್ಯಾಚ್ ಆಗಿ ನಿಮ್ಮ ಹೆಸರಿನಲ್ಲಿ ಯೋಜನೆಗೆ ಹೋಗುತ್ತದೆ. ಆದರೆ ಇದನ್ನು ಬರೀ ಮೆಟ್ಟಿಲು ಅಂತ ನೋಡಬೇಡಿ. ಕನ್ನಡ ಗೊತ್ತಿದ್ದವರಿಗೆ ಮಾತ್ರ ಕಾಣುವ ತಪ್ಪುಗಳಿವೆ.

ನನ್ನದೇ ಪ್ರೋಗ್ರಾಂ ತೆಗೆದುಕೊಳ್ಳಿ. ಊರಿನ ಹೆಸರು ಒಂದು ಕಡೆ, 'ಅಲ್ಲಿ' ಇನ್ನೊಂದು ಕಡೆ ಇಟ್ಟು ಜೋಡಿಸುತ್ತಿದ್ದೆ. ಇಂಗ್ಲಿಷಿನಲ್ಲಿ ಊರಿನ ಮುಂದೆ 'ಇನ್' ಅಂತ ಹಾಕಿದರೆ ಎಲ್ಲ ಊರಿಗೂ ಆಗುತ್ತದೆ. ಕನ್ನಡದಲ್ಲಿ 'ಮಡಿಕೇರಿ ಅಲ್ಲಿ 3 ಇಂಚು' ಅಂತ ಬರುತ್ತಿತ್ತು. ಮಡಿಕೇರಿಗೆ 'ಯಲ್ಲಿ' ಬೇಕು. ಕುಶಾಲನಗರಕ್ಕೆ 'ದಲ್ಲಿ'. ಗೋಣಿಕೊಪ್ಪಲಿಗೆ 'ಇನಲ್ಲಿ'. ಒಂದೇ ತುಂಡು ಎಲ್ಲಕ್ಕೂ ಹೊಂದುವುದಿಲ್ಲ. ಇನ್ನು ಕೆಲವು ಪ್ರೋಗ್ರಾಂಗಳು ವಾಕ್ಯವನ್ನು ಎರಡು ತುಂಡು ಮಾಡಿ ಕ್ರಿಯಾಪದ ಮೊದಲು, ಫೈಲಿನ ಹೆಸರು ಆಮೇಲೆ ಅಂತ ಕಟ್ಟಿಬಿಟ್ಟಿರುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರಬೇಕಲ್ವಾ? ಎಷ್ಟು ಒಳ್ಳೆಯ ಅನುವಾದಕರಾದರೂ ಅಲ್ಲಿ ಸೋಲುತ್ತಾರೆ. ಸರಿಯಾಗಬೇಕಾದ್ದು ಅನುವಾದವಲ್ಲ, ಕೋಡು. 'ಈ ಎರಡು ತುಂಡನ್ನು ಒಂದೇ ವಾಕ್ಯ ಮಾಡಿ, ಹೆಸರು ಎಲ್ಲಿ ಬರಬೇಕು ಅಂತ ಅನುವಾದಕರೇ ಹೇಳಲಿ' ಅನ್ನುವ ಪ್ಯಾಚ್ ಕಳಿಸಿದರೆ, ತಮಿಳಿಗೂ ಜಪಾನಿ ಭಾಷೆಗೂ ಅದರಿಂದ ಉಪಕಾರ. ನನ್ನದರಲ್ಲಿ ನಾನು ಮಾಡಿಕೊಂಡದ್ದು ಸುಲಭದ ದಾರಿ. 'ಮಡಿಕೇರಿ: 3 ಇಂಚು' ಅಂತ ಬರೆದು ವಿಭಕ್ತಿಯ ಗೊಡವೆಯನ್ನೇ ಬಿಟ್ಟೆ.

ಮೊದಲ ಸಲ ಕಳಿಸುವವರಿಗೆ ನನ್ನ ಕಡೆಯಿಂದ ಎರಡೇ ಮಾತು. ನೀವು ದಿನಾ ಬಳಸುವ ಪ್ರೋಗ್ರಾಂ ಆರಿಸಿ, ಹೆಸರು ದೊಡ್ಡದು ಅಂತ ಆರಿಸಬೇಡಿ. ಒಂದು ಪ್ಯಾಚಿನಲ್ಲಿ ಒಂದೇ ವಿಷಯ ಇರಲಿ. ದಾರಿಯಲ್ಲಿ ಕಂಡ ಇನ್ನೊಂದು ತಪ್ಪಿಗೆ ಇನ್ನೊಂದು ಪ್ಯಾಚ್.

ಇನ್ನು ಅವಳ ಪ್ಯಾಚಿನ ಕಥೆ. ಓದಿದೆ, ಚೆನ್ನಾಗಿತ್ತು. ಒಂದೇ ಪ್ರಶ್ನೆ ಕೇಳಿದೆ: "ಹಳೇ ಲೆಕ್ಕ ಏನು ಮಾಡೋದು?" ನಾನು ಮಳೆಯನ್ನು ಸಂಖ್ಯೆಯಾಗಿ ಉಳಿಸುತ್ತಿದ್ದೆ. ಸಂಖ್ಯೆಗೆ 2.5 ಮತ್ತು 2.50 ಎರಡೂ ಒಂದೇ. ಹಳೆಯ ಒಂದು 2.5 ನಿಜವಾಗಿ ಎರಡೂವರೆ ಇಂಚಾ, ಎರಡು ಇಂಚು ಐದು ಸೆಂಟಾ ಅಂತ ಕಂಪ್ಯೂಟರ್ ಹೇಳಲಾರದು. ಅವಳು ಯೋಚನೆ ಮಾಡಿ ಎರಡನೇ ಪ್ಯಾಚ್ ಕಳಿಸಿದಳು. ಚುಕ್ಕಿಯ ಆಚೆ ಒಂದೇ ಅಂಕಿ ಇರುವ ದಿನಗಳನ್ನೆಲ್ಲ ಕೆಂಪು ಮಾಡಿ, 'ಡೈರಿ ನೋಡಿ ಹೇಳಿ' ಅಂತ ಕೇಳುವುದು. ಅದಕ್ಕೆ ಒಂದೇ ದಿನ ಹಿಡಿಯಿತು. ನಾನು ಅವತ್ತೇ ಉತ್ತರ ಬರೆದೆ.

ಈಗ ಅವರ ಮನೆ ಜಗಲಿಯಲ್ಲಿ ಹಳೆಯ ಡೈರಿಗಳೆಲ್ಲ ಹೊರಗೆ ಬಂದಿವೆ. ಅಜ್ಜ ಕನ್ನಡಕ ಹಾಕಿಕೊಂಡು ಓದುತ್ತಾರೆ, ಅವಳು ಕೆಂಪು ಖಾನೆ ತುಂಬುತ್ತಾಳೆ. ಕೆಲವು ವರ್ಷ ಅಜ್ಜ ಕನ್ನಡ ಅಂಕಿಯಲ್ಲೇ ಬರೆದಿದ್ದಾರೆ. ಪೈಥಾನ್‌ಗೆ ಅದು ತೊಂದರೆ ಇಲ್ಲ, ಕನ್ನಡ ಅಂಕಿಯನ್ನೂ ಸಂಖ್ಯೆ ಅಂತಲೇ ಓದುತ್ತದೆ. ತೊಂದರೆ ಇರುವುದು 2018ರ ಆಗಸ್ಟ್ ಪುಟದಲ್ಲಿ. ಆ ಭೂಕುಸಿತದ ದಿನಗಳಲ್ಲಿ ಅಜ್ಜ ಸಂಖ್ಯೆ ಬರೆದೇ ಇಲ್ಲ, 'ಮಾಪಕ ತುಂಬಿ ಹರಿಯಿತು' ಅಂತ ಬರೆದಿದ್ದಾರೆ. ಅದನ್ನು ಯಾವ ಖಾನೆಗೆ ಹಾಕುವುದು ಅಂತ ಅವಳು ಕೇಳಿದ್ದಾಳೆ. ನನ್ನ ಪ್ರೋಗ್ರಾಂನಲ್ಲಿ ಅದಕ್ಕೆ ಖಾನೆ ಇಲ್ಲ. ಹೊಸ ಕೆಲಸ ಅಂತ ಪಟ್ಟಿಗೆ ಸೇರಿಸಿ, ಮೊದಲ ಸಲದವರಿಗೆ ಅನ್ನುವ ಚೀಟಿ ಅಂಟಿಸಿದ್ದೇನೆ. ಅವಳ ಕಾಲೇಜಿನ ಗೆಳತಿಯೊಬ್ಬಳು ನಿನ್ನೆ "ಇದನ್ನು ನಾನು ಮಾಡಲಾ?" ಅಂತ ಬರೆದಿದ್ದಾಳೆ.